ಇನ್ನೊಂದು ಪುಟ ಇದೆ ಮೇಡಂ

ಫ್ಯಾನು ಸುತ್ತಿಗೊಮ್ಮೆ ಟಕ್ ಅನ್ನುತ್ತಿದೆ, ಯಾರೋ ಬಾಗಿಲು ತಟ್ಟಿದ ಹಾಗೆ — ಬೇಡ, ಬಾಗಿಲ ಸುದ್ದಿ ಈಗ ಬೇಡ, ಗಂಟೆ ಹೊಡೆಯುವ ಮುಂಚೆ ಇದೊಂದು ಉತ್ತರಪತ್ರಿಕೆ ಮುಗಿಸಿಬಿಡೋಣವೆಂದು ಸಾಹಿತ್ಯದ ಮೇಡಂ ಕೆಂಪು ಪೆನ್ನು ತೆರೆದಳು, ಲೇಖಕರು ಹುಟ್ಟಿದ ನಂತರ ಬರೆಯತೊಡಗಿದರು ಎಂದಿದ್ದಾನೆ ಪುಣ್ಯಾತ್ಮ, ತಪ್ಪೆನ್ನುವುದು ಹೇಗೆ, ಹುಟ್ಟುವ ಮುಂಚೆ ಬರೆದವರು ಯಾರಿದ್ದಾರೆ, ಇರಲಿ ಅರ್ಧ ಅಂಕ, ಎದುರು ಮೇಜಿನ ಅರ್ಥಶಾಸ್ತ್ರದವರು ಇಣುಕಿ ನೋಡಿ ನಗುತ್ತಾರೆ, ನಿಮ್ಮದೇ ಸುಖ ಮೇಡಂ, ನಿಮ್ಮಲ್ಲಿ ತಪ್ಪು ಉತ್ತರ ಅಂತಾನೇ ಇಲ್ಲ, ಹೌದು ಸರ್, ನಿಮ್ಮಲ್ಲಿ ಸರಿ ಉತ್ತರ ಅಂತಾನೇ ಇಲ್ಲ, ಅಲ್ಲಿಗೆ ಲೆಕ್ಕ ಚುಕ್ತಾ. ಬೇರೆ ದಿನವಾಗಿದ್ದರೆ ಈ ಉತ್ತರವನ್ನು ಮನೆತನಕ ಚಪ್ಪರಿಸಿಕೊಂಡು ಹೋಗುತ್ತಿದ್ದಳು, ಇವತ್ತು ನಾಲಿಗೆಗೆ ರುಚಿಯಿಲ್ಲ, ಮೊದಲ ಬೆಂಚಿನ ಹುಡುಗಿ ಈಗಷ್ಟೇ ಬಂದು, ಎರಡೂ ಕೈಯಲ್ಲಿ ಹೊಸ ಪುಸ್ತಕ ಹಿಡಿದುಕೊಂಡು, ತಪ್ಪು ತನ್ನದೇ ಎಂಬಂತೆ ತಲೆ ತಗ್ಗಿಸಿ ಹೇಳಿ ಹೋದಳು, ಮೇಡಂ, ನೀವು ಕೊಟ್ಟ ಜೆರಾಕ್ಸಲ್ಲಿ ಕಥೆ ಮುಗಿದ ಮೇಲೂ ನನ್ನ ಪುಸ್ತಕದಲ್ಲಿ ಇನ್ನೊಂದು ಪುಟ ಇದೆ.

ಇನ್ನೊಂದು ಪುಟ. ಅಣ್ಣನ ಜೊತೆ ಜಗಳವಾಡಿ ಮನೆ ಬಿಟ್ಟವನು ಎಷ್ಟೋ ವರ್ಷಗಳ ಮೇಲೆ ಮರಳಿ ಬರುತ್ತಾನೆ, ಮುಚ್ಚಿದ ಬಾಗಿಲ ಮುಂದೆ ನಿಲ್ಲುತ್ತಾನೆ, ತಟ್ಟಲು ಕೈ ಎತ್ತುತ್ತಾನೆ — ಅಲ್ಲಿಗೆ ಕಥೆ ಮುಗಿಯಿತು, ಪುಸ್ತಕವೂ ಮುಗಿಯಿತು, ಅಲ್ಲಿಂದಾಚೆಗೆ ಬರೀ ರಟ್ಟು. ಆ ಎತ್ತಿದ ಕೈ, ಮಡಿಸಿದ ಬೆರಳು, ಬೆರಳಿಗೂ ಮರಕ್ಕೂ ನಡುವಿನ ಇಷ್ಟೇ ಇಷ್ಟು ಜಾಗ, ಅದರ ಮೇಲೆ ಇಪ್ಪತ್ತು ವರ್ಷ ಪಾಠ ಹೇಳಿದ್ದಾಳೆ, ಅವನು ತಟ್ಟುವುದಿಲ್ಲ, ತಟ್ಟಲಾರ, ಮನುಷ್ಯನ ಪಾಡೇ ಅದು ಅಂತ, ವಿಜ್ಞಾನದ ಹುಡುಗರೂ ಬಂದು ಕಿಟಕಿಗೆ ಜೋತುಬಿದ್ದು ಕೇಳುವ ಪಾಠ, ಅವಳಿಗೆ ಬಾಗಿಲು ಮೇಡಂ ಅಂತ ಹೆಸರು ತಂದುಕೊಟ್ಟ ಪಾಠ. ಓದುವ ಕಾಲದಲ್ಲಿ ಹಳೆ ಪುಸ್ತಕದ ಅಂಗಡಿಯಲ್ಲಿ ಕೊಂಡ ಪ್ರತಿ, ಅಂಗಡಿಯವನು ಹೊಸ ರಟ್ಟು ಅಂಟಿಸಿದ್ದ, ಹಾಳೆ ಹೋದದ್ದು ಗೊತ್ತಾಗದಷ್ಟು ಓರಣವಾಗಿ, ಬೇರೆಲ್ಲೂ ಅದು ಸಿಗುತ್ತಿರಲಿಲ್ಲ, ಪ್ರತಿ ವರ್ಷ ಅದನ್ನೇ ಜೆರಾಕ್ಸ್ ಮಾಡಿಸಿ ಹಂಚಿದಳು, ಹೀಗಾಗಿ ಊರಿಗೆಲ್ಲ ಒಂದೇ ಮುಕ್ತಾಯ, ಈ ವರ್ಷ ಯಾರೋ ಪುಣ್ಯವಂತರು ಮರುಮುದ್ರಣ ಮಾಡಿದ್ದಾರೆ. ಹುಡುಗಿ ಪುಸ್ತಕ ಚಾಚಿದಳು, ತೆಗೆದುಕೊಳ್ಳಬಹುದಿತ್ತು, ಕ್ಲಾಸಿಗೆ ತಗೊಂಡು ಬಾಮ್ಮ ಅಂದುಬಿಟ್ಟಳು, ಯಾಕೆ, ಹೆದರಿಕೆಯೇ, ಹೆದರಿಕೆಯೇ. ಬೆಳಿಗ್ಗೆ ಗಂಡ, ಊರವರ ಹಲ್ಲು ಕೀಳುವ ಡಾಕ್ಟರು, ಬಾಯಿ ತುಂಬ ನೊರೆ ಇಟ್ಟುಕೊಂಡೇ ಕೇಳಿದ್ದರು, ಇವತ್ತು ಬಾಗಿಲ ಪಾಠಾನಾ, ಅಲ್ಲ ಕಣೇ, ಆ ಮನುಷ್ಯ ಇನ್ನೂ ಹೊರಗೇ ನಿಂತಿದ್ದಾನಾ, ಕೈ ನೋವು ಬಂದಿರುತ್ತೆ ಪಾಪ, ಕೂರೋಕೆ ಒಂದು ಸ್ಟೂಲಾದ್ರೂ ಕೊಡು, ನಿಮಗೆ ಜನರ ಬಾಯಿ ತೆರೆಸೋದು ಬಿಟ್ಟು ಬೇರೇನು ಗೊತ್ತು ರೀ ಅಂದಿದ್ದಳು, ಈಗ ತನ್ನ ಬಾಯಿಯೇ ಒಣಗಿದೆ.

ಗಂಟೆ. ಚಾಕ್‌ಪೀಸು, ಡಸ್ಟರು, ಕನ್ನಡಕ, ಕನ್ನಡಕ ತಲೆಯ ಮೇಲೇ ಇದೆ, ಈಗಷ್ಟೇ ಒರೆಸಿದ ವರಾಂಡದಲ್ಲಿ ಜಾರದಂತೆ ಗೋಡೆ ಹಿಡಿದು ನಡೆಯುತ್ತಾಳೆ, ದಾರಿಯಿಲ್ಲವೆಂದಲ್ಲ, ಪಾಠ ಹೇಳುವವರಿಗೆ ದಾರಿ ಹತ್ತು, ಆ ಪುಟ ಯಾರೋ ಆಮೇಲೆ ಸೇರಿಸಿದ್ದು ಅನ್ನಬಹುದು, ಲೇಖಕರಿಗೇ ತಮ್ಮ ಕಥೆ ಅರ್ಥವಾಗಿರಲಿಲ್ಲ ಅನ್ನಬಹುದು, ಹಾಗಂದವರು ದೊಡ್ಡ ದೊಡ್ಡ ಕುರ್ಚಿಯಲ್ಲಿದ್ದಾರೆ, ಅಥವಾ ಹುಡುಗಿಗೆ ಕೂತ್ಕೊಳಮ್ಮ, ಆಮೇಲೆ ನೋಡೋಣ ಅಂದರೂ ಸಾಕು, ಪಾಪ, ಕೂತುಬಿಡುತ್ತದೆ ಅದು, ಕೂತ ಮೇಲೆ ಇನ್ನೆಂದೂ ಏಳುವುದಿಲ್ಲ, ಏಳದ ಹಾಗೆ ಕೂರಿಸಲು ಇಷ್ಟು ವರ್ಷ ಓದಿಸಬೇಕಿತ್ತೇ. ಕೊಠಡಿ ತುಂಬಿದೆ, ಕಿಟಕಿಯಲ್ಲೂ ತಲೆಗಳು, ಎಲ್ಲರೂ ಕಾಯುತ್ತಿದ್ದಾರೆ, ಹುಡುಗಿ ಪುಸ್ತಕವನ್ನು ಬೆಂಚಿನ ಕೆಳಗೆ ಮುಚ್ಚಿಟ್ಟಿದ್ದಾಳೆ, ಮೇಡಂ ಮರ್ಯಾದೆ ಉಳಿಸಲು, ಅದನ್ನು ಕಂಡದ್ದೇ ಹತ್ತೂ ದಾರಿ ಮುಚ್ಚಿಕೊಂಡವು. ಜೆರಾಕ್ಸ್ ಪಕ್ಕಕ್ಕಿಡಿ, ಅದರಲ್ಲಿ ಕೊನೇ ಪುಟ ಇಲ್ಲ, ಅದು ಇಲ್ಲ ಅಂತ ನನಗೂ ಗೊತ್ತಿರಲಿಲ್ಲ, ಓದಮ್ಮ, ನಾನೂ ಮೊದಲ ಸಲ ಕೇಳ್ತಿದೀನಿ. ಹುಡುಗಿ ಎದ್ದು ನಿಂತು ಓದುತ್ತಾಳೆ, ಅವನು ಮೆಲ್ಲಗೆ ತಟ್ಟಿದ, ಒಳಗಿನಿಂದ ಅಣ್ಣನ ದನಿ ಯಾರೆಂದು ಕೇಳಲಿಲ್ಲ, ತಳ್ಳೋ, ಚಿಲಕ ಹಾಕಿಲ್ಲ ಎಂದಿತು, ಅವನು ಬಾಗಿಲ ಮೇಲೆ ಅಂಗೈ ಇಟ್ಟ. ಕೊನೇ ಬೆಂಚಿನಿಂದ ಯಾವನೋ ನಿಟ್ಟುಸಿರಿಟ್ಟು, ಇಪ್ಪತ್ತು ವರ್ಷ ಸುಮ್ನೆ ನಿಲ್ಲಿಸಿಬಿಟ್ರಲ್ಲ ಮೇಡಂ ಅವನ್ನ ಅಂದ, ಕೊಠಡಿ ಬಿದ್ದು ಬಿದ್ದು ನಗುತ್ತದೆ, ಎಲ್ಲರಿಗಿಂತ ಜೋರಾಗಿ ಅವಳೇ, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು, ಚಿಲಕವೇ ಹಾಕಿರಲಿಲ್ಲವಂತೆ, ಮನುಷ್ಯನ ಪಾಡಂತೆ, ಹೋಗಲಿ, ಮುಂದೆ ಓದಮ್ಮ, ಆಮೇಲೇನಾಯ್ತು, ಒಳಗೆ ಹೋದ್ನಾ. ಇಲ್ಲ ಮೇಡಂ, ಅಷ್ಟೇ, ಇಲ್ಲಿಗೇ ಮುಗೀತು, ಇದರ ಮುಂದೆ ರಟ್ಟು. ಅವಳು ಕನ್ನಡಕ ಮತ್ತೆ ಏರಿಸಿದಳು, ತಳ್ಳಲಿಲ್ಲವೇ, ಚಿಲಕವಿಲ್ಲ ಎಂದು ತಿಳಿದ ಮೇಲೂ, ಅಣ್ಣನೇ ಕರೆದ ಮೇಲೂ, ಹುಡುಗರು ಬರೆದುಕೊಳ್ಳಲು ಪೆನ್ನು ಹಿಡಿದು ಕಾಯುತ್ತಿದ್ದಾರೆ, ಮಡಿಸಿದ್ದ ಬೆರಳು ಒಂದೊಂದಾಗಿ ಬಿಚ್ಚಿಕೊಂಡು, ಅಂಗೈ ಅಗಲವಾಗಿ, ಮರಕ್ಕೆ ಒತ್ತಿ, ಮರದ ಆಚೆ ಅಣ್ಣ, ಈಚೆ ಅಂಗೈ, ಅಂಗೈ —