ಬಟ್ಟೆ ಸಾಕು, ನೀನು ಬೇಡ

"ನೀನ್ ಬ್ಯಾಡ ಕಣಮ್ಮಿ, ನಿನ್ ಬಟ್ಟೆ ಸಾಕು," ಎಂದ ಮೇಲ್ವಿಚಾರಕ ಎಲಿಸಿಯೊ. "ಬಿಚ್ಚಿ ಆಫೀಸಿನ ಕ್ರಿಸೆಲ್‌ಗೆ ಕೊಡು."

ಬೂತಾಯಿ ಮೀನಿನ ತಲೆ ಕತ್ತರಿಸುತ್ತಿದ್ದ ನುರ್ಹೈನಾ ಚಾಕು ಕೆಳಗಿಡಲಿಲ್ಲ. ಅವಳದು ಹೋಲೋ ದ್ವೀಪ. ಕಣ್ಣಷ್ಟೇ ಬಿಟ್ಟು ಮುಖವೆಲ್ಲ ಕರಿಬಟ್ಟೆ. ಸಾಂಬೊವಾಂಗಾದ ಈ ಡಬ್ಬಿಮೀನಿನ ಕಾರ್ಖಾನೆಯಲ್ಲಿ ಮೂರು ವರ್ಷದಿಂದ ನನ್ನ ಪಕ್ಕದಲ್ಲೇ ನಿಲ್ಲುತ್ತಾಳೆ. ನಾನು ಇಗರ್ಜಿಗೆ ಹೋಗುವವಳು. ಆದರೂ ಸಂಜೆ ಹೊತ್ತಿಗೆ ಇಬ್ಬರ ಮೈಯಲ್ಲೂ ಒಂದೇ ನಾತ.

ಅವತ್ತು ಮನಿಲಾದಿಂದ ಫೋಟೋ ತೆಗೆಯುವವಳನ್ನು ಕರೆಸಿದ್ದರು. 'ನಮ್ಮ ನಾಡಿನ ಹೆಂಗಸರು' ಎಂದು ಪೋಸ್ಟರ್ ಮಾಡಿ, ಡಬ್ಬಿ ಮಾರುವ ಅಂಗಡಿಗಳಿಗೆಲ್ಲ ಅಂಟಿಸುತ್ತಾರಂತೆ. ಬೆಟ್ಟದವಳೊಬ್ಬಳು, ಬಯಲಿನವಳೊಬ್ಬಳು, ಮುಸುಕಿನವಳೊಬ್ಬಳು ಬೇಕು. ಎಲ್ಲದಕ್ಕೂ ಆರಿಸಿದ್ದು ಆಫೀಸಿನ ಹುಡುಗಿಯರನ್ನೇ. ಬೆಳ್ಳಗಿದ್ದಾರೆ, ಮೀನು ವಾಸನೆಯಿಲ್ಲ. ಫೋಟೋಗೆ ವಾಸನೆ ಹೇಗೆ ಬರುತ್ತದೋ ಆ ಪುಣ್ಯಾತ್ಮನಿಗೇ ಗೊತ್ತು.

"ಬಟ್ಟೆ ಕೊಟ್ಟು ನಾನೇನ್ ಮಾಡ್ಲಿ ಸಾರ್?"

"ಕಕ್ಕಸಲ್ಲಿ ಕುಂತ್ಕೊ, ಅರ್ಧ ಗಂಟೆ. ನಿನ್ ಮೂತಿ ಯಾರ್ ನೋಡ್ತಾರೆ?"

ನನಗೆ ಮೈಯೆಲ್ಲ ಉರಿಯಿತು. "ಇವ್ನ ಮನೆ ಹಾಳಾಗ, ಮುಂಡೇಮಗ," ಎಂದೆ, ಅವನಿಗೆ ಕೇಳದ ಹಾಗೆ. ನುರ್ಹೈನಾ ಕೈ ತೊಳೆದುಕೊಂಡು, "ನಡಿಯಕ್ಕ, ಜೊತೇಗ್ ಬಾ," ಎಂದಳು.

ಕಕ್ಕಸಿನ ಬಾಗಿಲು ಹಾಕಿ ಮೂವರೂ ನಿಂತೆವು. ಗುಮಾಸ್ತೆ ಕ್ರಿಸೆಲ್ ಮುಸುಕನ್ನು ತಾನೇ ಕಟ್ಟಿಕೊಳ್ಳಲು ಹೋದಳು. ಕಣ್ಣಿನ ಕಿಂಡಿ ಮೂಗಿನ ಮೇಲೆ ಬಂದು ಕೂತಿತು. ಒಳಗಿನಿಂದಲೇ ಎರಡು ಸಲ ಸೀನಿದಳು.

"ಉಸ್ರು ಕಟ್ತದೆ ಅಕ್ಕ. ಇದ್ರೊಳಗೆ ಹೆಂಗಿರ್ತೀಯ?"

"ನೀನು ಆ ಸಾರ್ ಮುಂದೆ ಬರೀ ಮುಖದಲ್ಲಿ ಹೆಂಗಿರ್ತೀಯ? ಹಂಗೇ," ಎಂದಳು ನುರ್ಹೈನಾ.

ನಕ್ಕು ನಕ್ಕು ನನ್ನ ಪಕ್ಕೆ ಹಿಡಿದುಕೊಂಡಿತು. ಆಮೇಲೆ ನೋಡಿದರೆ ನುರ್ಹೈನಾ ನಗುತ್ತಿರಲಿಲ್ಲ.

"ಹೋಲೋದಲ್ಲಿ ನಮ್ಮವ್ವನ ಮನೆ ಎದುರ್ಗೇ ಈ ಡಬ್ಬಿ ಮಾರೋ ಅಂಗಡಿ ಐತೆ, ಪೋಸ್ಟರ್ ಅಲ್ಲೂ ಅಂಟಿಸ್ತಾರೆ. ಅವ್ವ ನನ್ನ ನೋಡಿ ಮೂರ್ ವರ್ಸ ಆಯ್ತು. ಈ ಅಂಚಿನ ಹೊಲಿಗೆ ಅವಳೇ ಹಾಕಿದ್ದು, ನೋಡಿದ್ ತಕ್ಷಣ ಗುರ್ತು ಹಿಡೀತಾಳೆ. ಒಳಗೆ ಬೇರೆಯೋಳ ಕಣ್ಣು ಕಂಡ್ರೆ, ಮಗಳು ಸತ್ತೋದ್ಲು ಅನ್ಕತಾಳೆ ಕಣವ್ವ."

ಕ್ರಿಸೆಲ್ ಆ ಹೊಲಿಗೆಯ ಮೇಲೆ ಬೆರಳಾಡಿಸಿದಳು. ಆಮೇಲೆ ಮುಸುಕು ತೆಗೆದು ಅವಳ ಕೈಗಿಟ್ಟಳು.

"ನೀನೇ ಹೋಗು. ಒಳಗ್ ಯಾರಿದಾರೆ ಅಂತ ಆ ಬೋಳೀಮಗನಿಗೇನ್ ಗೊತ್ತಾಗ್ತದೆ? ನಾನಿಲ್ಲಿ ಫೋನ್ ನೋಡ್ಕೊಂಡ್ ಕೂತಿರ್ತೀನಿ."

ನುರ್ಹೈನಾ ಹೋಗಿ, ಮೀನಿನ ಮೇಜುಗಳ ಪಕ್ಕ ನಿಲ್ಲಿಸಿದ್ದ ಕ್ಯಾಮೆರಾ ಮುಂದೆ ನಿಂತಳು. ಎಲಿಸಿಯೊ ಖುಷಿಯಲ್ಲಿ ಕೈ ಉಜ್ಜಿಕೊಂಡ.

"ನೋಡಿ ಮೇಡಂ, ಓದಿದ್ ಹುಡ್ಗಿ ಹಾಕ್ಕೊಂಡ್ರೆ ಅದೇ ಬಟ್ಟೇಗ್ ಎಂಥಾ ಕಳೆ! ಆ ಮೀನಿನೋಳ ಮೈಮೇಲೆ ಗೋಣಿಚೀಲ ಇದ್ದಂಗಿತ್ತು."

"ಕಣ್ಣಲ್ಲೇ ನಗ್ತಿದಾರೆ," ಎಂದಳು ಫೋಟೋದವಳು, ಕ್ಲಿಕ್ಕಿಸುತ್ತ. ನಾನು ಸೆರಗಿಲ್ಲದವಳು, ಏಪ್ರನ್ನನ್ನೇ ಬಾಯಿಗೆ ತುರುಕಿಕೊಂಡೆ.

"ಇದೇ ನಡುಮಧ್ಯೆ ಬರ್ಲಿ," ಎಂದು ಎಲಿಸಿಯೊ ಪಟ್ಟಿಯನ್ನೂ ಪೆನ್ನನ್ನೂ ತೆಗೆದ. "ಕೆಳಗೊಂದು ಹೆಸ್ರು ಬೇಕು. ಫಾತಿಮಾ ಅಂತ ಹಾಕಣ. ಅವ್ರೆಲ್ಲ ಫಾತಿಮಾನೇ."

"ನಾನು ಫಾತಿಮಾ ಅಲ್ಲ ಸಾರ್," ಎಂದಳು ನುರ್ಹೈನಾ.

ದನಿ ಕೇಳಿದ್ದೇ ಅವನ ಮುಖ ಹುಳಿ ಹಿಂಡಿದಂತಾಯಿತು. "ಅಳಿಸ್ರೀ ಮೇಡಂ, ಆ ಫೋಟೋನ. ಕಳ್ಳ ಮುಂಡೆ, ನನಗೇ ನಾಟ್ಕ ಆಡ್ತೀಯ? ಈಗ್ಲೇ ಆಚೆಗ್ ಹಾಕ್ತೀನಿ."

ಅಷ್ಟರಲ್ಲಿ ಮಧ್ಯಾಹ್ನದ ಕೆಲಸಕ್ಕೆ ಕರೆಯುವ ಸೈರನ್ ಕೂಗಿತು. ದೋಣಿಯಿಂದ ಆಗತಾನೇ ಇಳಿಸಿದ ಬೂತಾಯಿ ಮೇಜಿನ ಮೇಲೆ ರಾಶಿ ಬಿದ್ದಿತ್ತು. ಆ ಸೆಕೆಯಲ್ಲಿ ಒಂದು ಗಂಟೆ ಬಿಟ್ಟರೆ ಮೀನಿನ ಹೊಟ್ಟೆ ಒಡೆಯುತ್ತದೆ. ಮೂವತ್ತು ಹೆಂಗಸರಲ್ಲಿ ಒಬ್ಬಳೂ ಚಾಕು ಮುಟ್ಟಲಿಲ್ಲ.

"ಪಟ ಅಳಿಸಿದ್ರೆ, ಇವಳನ್ನ ಆಚೆಗಾಕಿದ್ರೆ, ಮೀನ್ ನೀನೇ ಕೊಯ್ಕೊ ಸಾರ್," ಎಂದೆ. ನನ್ನ ದನಿಗೆ ನಾನೇ ಬೆಚ್ಚಿದೆ.

ಹೇಳಿ ಒದ್ದೆ ನೆಲದ ಮೇಲೆ ಕುಳಿತೆ. ಒಬ್ಬೊಬ್ಬಳಾಗಿ ಉಳಿದವರೂ ಕುಳಿತರು. ಕಕ್ಕಸಿನಿಂದ ಬಂದ ಕ್ರಿಸೆಲ್ ಇಸ್ತ್ರಿ ಮಾಡಿದ ಲಂಗದಲ್ಲೇ ನನ್ನ ಪಕ್ಕ ಕುಳಿತು, "ಥೂ, ಏನ್ ನಾತ," ಎಂದು ಮೂಗು ಮುಚ್ಚಿಕೊಂಡಳು. ಎಲ್ಲರೂ ಗೊಳ್ಳೆಂದು ನಕ್ಕರು.

ಎಲಿಸಿಯೊ ನಮ್ಮನ್ನು ನೋಡಿದ, ಮೀನಿನ ರಾಶಿ ನೋಡಿದ, ಗಡಿಯಾರ ನೋಡಿದ. ಬೆವರು ಒರೆಸಿಕೊಂಡು ಪೆನ್ನಿನ ಮುಚ್ಚಳ ತೆಗೆದ.

"ಏನು ನಿನ್ ಹೆಸ್ರು?"

ಅವಳು ಹೇಳಿದಳು. ಅವನು ಬರೆದ. ಅವಳು ಬಗ್ಗಿ ಕಾಗದ ನೋಡಿದಳು.

"ತಪ್ಪಾಗೈತೆ ಸಾರ್. ಹೊಡೆದಾಕಿ, ಇನ್ನೊಂದ್ ಸತಿ ಬರೀರಿ."