ಸೋಮವಾರ ಕಟ್ಟಿದ ಎತ್ತುಗಳು

ಮೀಸೆ ಒಂದು ಕಡೆ ಬಿಟ್ಟುಕೊಂಡಿದೆ, ಇನ್ನೊಂದು ಮಾತಾಡಿದರೆ ಪೂರ್ತಿ ಉದುರಿಹೋಗುತ್ತದೆ, ಆದರೂ ಇನ್‌ಸ್ಪೆಕ್ಟರ್ ನಯನಾ ಎದೆ ಸೆಟೆಸಿಕೊಂಡು ಲಾಠಿ ತಿರುಗಿಸುತ್ತಲೇ ಇದ್ದಾಳೆ, ಅಪ್ಪನ ಬೆಲ್ಟು ಸೊಂಟಕ್ಕೆ ಎರಡು ಸುತ್ತು ಬಂದಿದೆ — ದ್ರೌಪದಮ್ಮನಿಗೆ ನಗು ತಡೆಯಲಾಗುತ್ತಿಲ್ಲ, ಮೊಮ್ಮಗಳು ಅಂದರೆ ಹೀಗಿರಬೇಕು, ಬೆದರಿಸಿದರೆ ಇಡೀ ಕ್ಲಬ್‌ಹೌಸೇ ನಡುಗಬೇಕು, ಪಕ್ಕದ ಕುರ್ಚಿಯಲ್ಲಿ ಅತ್ತೆ ಮುನಿಕೃಷ್ಣಮ್ಮ ಮಾತ್ರ ನಗುತ್ತಿಲ್ಲ, ಎಂಬತ್ತು ದಾಟಿದ ಮೇಲೆ ನಗುವುದಕ್ಕೂ ಪುರುಸೊತ್ತು ಬೇಕೋ ಏನೋ, ಮಂಡಿಯ ಮೇಲೆ ಕೈ ಊರಿಕೊಂಡು ವೇದಿಕೆಯನ್ನೇ ದಿಟ್ಟಿಸುತ್ತಿದ್ದಾರೆ. ಇಬ್ಬರಿಗೂ ಮುಂದಿನ ಸಾಲು, ಇರಲೇಬೇಕಲ್ಲ, ಅಪಾರ್ಟ್‌ಮೆಂಟ್ ಎದ್ದಿರುವುದೇ ಇವರ ಹೊಲದ ಮೇಲೆ, ಕಟ್ಟಿಸಿದವನು ಮಗ ಮಹೇಂದ್ರ, ರಾಗಿ ಬೆಳೆಯುತ್ತಿದ್ದ ಜಾಗಕ್ಕೆ ಲೇಕ್‌ವ್ಯೂ ಅಂತ ಹೆಸರಿಟ್ಟ ಮಹಾರಾಯ, ಕೆರೆ ಕಾಣಬೇಕಾದರೆ ಟೆರೇಸಿಗೆ ಹತ್ತಿ ಕತ್ತು ಚಾಚಬೇಕು. ಇವತ್ತು ವಾರ್ಷಿಕೋತ್ಸವ, ಮೂರನೇ ಮಹಡಿಯ ನಂದಿತಾ ಮಕ್ಕಳನ್ನು ಸೇರಿಸಿ ನಾಟಕ ಮಾಡಿಸಿದ್ದಾಳೆ, ಈ ಜಾಗದ ಕಥೆ ಈ ಜಾಗದಲ್ಲೇ ಆಡೋಣ ಆಂಟಿ, ಎಷ್ಟ್ ಥ್ರಿಲ್ಲಿಂಗ್ ಆಗಿದೆ ಅಂದಿದ್ದಳು. ಮಣೇಗಾರನ ಕೊಲೆ ಅಂದರೆ ಕೊಡಿಗೇಹಳ್ಳಿಯಿಂದ ಬ್ಯಾಟರಾಯನಪುರದವರೆಗೆ ಯಾವ ಹಳಬರನ್ನು ಕೇಳಿದರೂ ಶುರುಹಚ್ಚಿಕೊಳ್ಳುತ್ತಾರೆ — ಅರವತ್ತು ವರ್ಷದ ಮೇಲಿನ ಮಾತು, ಸುಗ್ಗಿ ಕಾಲ, ಜಮೀನುದಾರನ ಪಾಲು ಅಳೆಸಿಕೊಳ್ಳಲು ಕಣಕ್ಕೆ ಬರುತ್ತಿದ್ದ ಮಣೇಗಾರ ಭಾನುವಾರ ಸಂತೆಗೆ ಹೋದವನು ಮನೆ ಸೇರಲಿಲ್ಲ, ಮಾರನೇ ದಿನ ಬೆಳಿಗ್ಗೆ ಕೆರೆಯಲ್ಲಿ ತೇಲುತ್ತಿದ್ದ, ಕುತ್ತಿಗೆಗೆ ಕಡಿದ ಏಟು ಬಿದ್ದಿತ್ತು, ಎಲ್ಲಿ ಕೊಂದರು ಅನ್ನುವುದೇ ಪೊಲೀಸರಿಗೆ ಸಿಗಲಿಲ್ಲ, ಊರಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ, ಗಂಡಸರನ್ನೆಲ್ಲ ಒಬ್ಬೊಬ್ಬರಾಗಿ ಕರೆದೊಯ್ದು ಬಡಿಯಲು ಶುರುಮಾಡಿದ ಮೇಲೆ ಪಿಳ್ಳಪ್ಪ ಅನ್ನುವವನು ಊರು ಬಿಟ್ಟು ಹೋದ, ಹೋದವನು ತಿರುಗಿ ಬರಲಿಲ್ಲ. ಓಡಿಹೋದವನೇ ಕೊಂದವನು ಅಂತ ಕಥೆ ಅಲ್ಲಿಗೆ ತೀರ್ಮಾನವಾಯಿತು. ಆ ಪಿಳ್ಳಪ್ಪನ ತಮ್ಮನ ಮಗ ಚಿಕ್ಕಹನುಮಯ್ಯ ಕೊನೇ ಸಾಲಿನಲ್ಲಿ ಬಾಗಿಲ ಪಕ್ಕ ಕೂತಿದ್ದಾನೆ, ಅಲ್ಲಿ ಕೂರು ಅಂತ ಯಾರೂ ಹೇಳಲಿಲ್ಲ, ಹೇಳಬೇಕಾದ ಅಗತ್ಯವೂ ಇಲ್ಲ, ಮದುವೆ ಮನೆಯಲ್ಲೂ ಅವನು ಕೂರುವುದು ಕೊನೇ ಪಂಕ್ತಿಗೇ, ಕೊಲೆಗಾರನ ಮನೆ ಅಂತ ಅಕ್ಕನ ಮದುವೆ ಮುರಿದುಬಿದ್ದಾಗಿನಿಂದ ಹಾಗೆ. ನಯನಾ ಪಾರ್ಟು ಮಾಡ್ತಾಳೆ ಬಾರಣ್ಣ ಅಂತ ಕರೆದವಳು ದ್ರೌಪದಮ್ಮನೇ, ಯಾವ ನಾಟಕ ಅಂತ ಯೋಚಿಸದೆ ಕರೆದುಬಿಟ್ಟಳು, ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ.

ಈಗ ಎತ್ತುಗಳು ಬಂದವು, ಕಂದು ಬಟ್ಟೆ ಹೊದ್ದ ಎರಡು ಪುಟಾಣಿಗಳು, ರಟ್ಟಿನ ಕೊಂಬು, ಹೆಗಲ ಮೇಲೆ ಪೈಪಿನ ನೊಗ, ಹಿಂದೆ ತೆನೆ ಒಕ್ಕಲು ಉರುಳುವ ರಟ್ಟಿನ ರೋಣಗಲ್ಲು, ಹುಲ್ಲಿನ ಬದಲು ಹಳದಿ ಬೆಡ್‌ಶೀಟು, ಅಯ್ಯೋ ಕ್ಯೂಟ್ ಅಂತ ಮೊಬೈಲುಗಳು ಮೇಲೆದ್ದವು. ಸೂರ್ಯ ಮೇಲೇರೋ ಹೊತ್ತಿಗೇ ನಾವು ಬಂದ್ವಿ, ಊರಿನವರೆಲ್ಲಾ ರಾಗಿ ಒಕ್ಕಣೆ ಮಾಡ್ತಿದ್ರು, ಎತ್ತುಗಳು ಸುತ್ತುತ್ತಿದ್ದವು, ಅನುಮಾನ ಪಡುವಂಥದ್ದು ಏನೂ ಇರಲಿಲ್ಲ ಅಂತ ನಯನಾ ಗಂಡು ದನಿ ತೆಗೆದು ಹೇಳಿದಳು — ಛೇ, ಇದೊಂದು ತಪ್ಪಾಯಿತಲ್ಲ, ಸಂತೆ ಭಾನುವಾರ, ಪೊಲೀಸರು ಬಂದದ್ದು ಮಾರನೇ ದಿನ, ಅಂದರೆ ಸೋಮವಾರ, ಸೋಮವಾರ ಯಾರಾದರೂ ಎತ್ತು ಕಟ್ಟುತ್ತಾರೆಯೇ, ಅದು ಬಸವಣ್ಣನ ದಿನ, ಎತ್ತಿನ ಹೆಗಲಿಗೆ ನೊಗ ಮುಟ್ಟಿಸುವಂತಿಲ್ಲ, ಮಳೆ ಬಂದು ಕಣದಲ್ಲಿ ರಾಗಿ ಮೊಳೆತುಹೋದರೂ ಸರಿಯೇ. ದ್ರೌಪದಮ್ಮ ಚಿಕ್ಕವಳಿದ್ದಾಗ ದೊಡ್ಡಪ್ಪನಿಗೆ ಹಾವು ಕಚ್ಚಿದ್ದು ಸೋಮವಾರ, ಎತ್ತು ಕೊಟ್ಟಿಗೆಯಲ್ಲೇ ಮೆಲುಕು ಹಾಕುತ್ತಿದ್ದವು, ಗಂಡಸರೇ ನೊಗಕ್ಕೆ ಭುಜ ಕೊಟ್ಟು ಯಲಹಂಕದ ಆಸ್ಪತ್ರೆವರೆಗೆ ಗಾಡಿ ಎಳೆದಿದ್ದರು, ಯಾರಿಗೂ ಅದು ವಿಚಿತ್ರ ಅನ್ನಿಸಿರಲಿಲ್ಲ. ಪಾಪ ನಂದಿತಾಗೆ ಇದೆಲ್ಲ ಹೇಗೆ ಗೊತ್ತಾಗಬೇಕು, ಪುಟ್ಟ ಮಕ್ಕಳಿಗೂ ಒಂದು ಪಾರ್ಟಿರಲಿ ಅಂತ ಸೇರಿಸಿರುತ್ತಾಳೆ, ದ್ರೌಪದಮ್ಮ ಅತ್ತೆಯ ಕಿವಿಯ ಹತ್ತಿರ ಬಗ್ಗಿದಳು, ನೋಡಿದ್ರಾ ಅತ್ತೆ, ಸೋಮವಾರ ಎತ್ತು ಕಟ್ಟಿಬಿಟ್ಟವ್ರೆ, ಒಂದು ಮಾತು ನಮ್ಮನ್ನ ಕೇಳಬಾರದಿತ್ತಾ. ಅತ್ತೆ ಕಣ್ಣು ತಿರುಗಿಸಲಿಲ್ಲ. ಕೇಳಿದ್ಲು ಕಣಮ್ಮಿ, ನಾನೇ ಏಳಿದ್ದು, ಅವತ್ತು ಕಟ್ಟಿದ್ರು, ಅಂದರು.

ಕಟ್ಟಿದ್ರು. ಕಟ್ಟಿದ್ರು ಅಂದರೆ, ಊರಿಗೆ ಊರೇ, ಯಾಕೆ, ಹುಲ್ಲು ಹರಡಿ ಅದರ ಮೇಲೆ ಕಲ್ಲು ಉರುಳಿಸುವಂಥ ಏನಿತ್ತು ಆ ನೆಲದಲ್ಲಿ — ಎಲ್ಲಿ ಕೊಂದರು ಅಂತ ಸಿಗಲಿಲ್ಲ, ಸಿಗುವುದು ಹೇಗೆ, ಮೇಲೆ ರೋಣಗಲ್ಲು ಸುತ್ತುತ್ತಿದೆಯಲ್ಲ, ಆ ಕಣ ಇವರದ್ದೇ, ಹದಿನೇಳರ ಹುಡುಗಿ ಮುನಿಕೃಷ್ಣಮ್ಮ ಸಂಜೆ ಹೊತ್ತು ರಾಗಿ ಮೆದೆ ಕಾಯುತ್ತಿದ್ದಳು, ಸೊಂಟದಲ್ಲಿ ಕುಡುಗೋಲು, ಮಣೇಗಾರ ಬಂದ ಅಂದರೆ ಹೆಣ್ಣುಮಕ್ಕಳನ್ನು ಒಳಗೆ ಕಳಿಸುತ್ತಿದ್ದೆವು ಅಂತ ಊರಿನ ಮುದುಕಿಯರು ಹೇಳುತ್ತಿದ್ದದ್ದು ಈಗ ನೆನಪಾಗುತ್ತಿದೆ, ಅವನ ಕೈ ರಾಗಿ ಅಳೆಯುವುದಷ್ಟಕ್ಕೇ ನಿಲ್ಲುತ್ತಿರಲಿಲ್ಲವಂತೆ. ಮತ್ತೆ ಅತ್ತೆಯ ಸೋಮವಾರಗಳು! ದನಕ್ಕೆ ಕೈಯಾರೆ ತಿನ್ನಿಸದೆ ಒಂದು ತೊಟ್ಟು ನೀರು ಕುಡಿಯದವರು, ಇದೇ ಅಪಾರ್ಟ್‌ಮೆಂಟಿನ ಪಾಯ ತೋಡುವಾಗ ಜೆಸಿಬಿಗೆ ಅಡ್ಡ ನಿಂತು ಇವತ್ತು ಸ್ವಾಮಾರ ಕಣೋ ಮಯೇಂದ್ರ, ನಿಲ್ಸು ಅಂದವರು, ಅಜ್ಜಿ, ಡೀಸೆಲ್‌ಗೆ ಯಾವ ಬಸವಣ್ಣ ಅಂತ ಅವನು ರೇಗಿದರೂ ಜಗ್ಗದವರು, ಅದನ್ನೆಲ್ಲ ಬರೀ ಭಕ್ತಿ ಅಂತ ಅಂದುಕೊಂಡು ತಾನು ನಲವತ್ತು ವರ್ಷ ಒಂದೇ ಒಲೆಯ ಮುಂದೆ ಕೂತಳಲ್ಲ, ಎಂಥ ಹೆಂಗಸು ಈಕೆ, ಎಂಥ ಗಟ್ಟಿಗಿತ್ತಿ, ಈ ಕೈ ಮಾಡಿದ ಮುದ್ದೆ ತಿಂದು ತಾನು ಬಾಣಂತನ ಕಳೆದಳಲ್ಲ. ಮೊದಲು ಯಾರು ಕಟ್ಟಿದ್ದು ಅತ್ತೆ, ಅಂತ ಕೇಳಿದಳು. ಪಿಳ್ಳಣ್ಣ, ಅಂದರು ಅತ್ತೆ. ಪಿಳ್ಳಪ್ಪ — ಒಂದು ಫೋಟೋ ಕೂಡ ಇಲ್ಲದ ಆ ಮನುಷ್ಯ ದ್ರೌಪದಮ್ಮನ ಕಣ್ಣಿಗೆ ಕಟ್ಟಿದ, ಇನ್ನೂ ಸರಿಯಾಗಿ ಬೆಳಕಾಗಿಲ್ಲ, ಕೊಟ್ಟಿಗೆಗೆ ಹೋಗುತ್ತಾನೆ, ಕಣ್ಣಿ ಬಿಚ್ಚುತ್ತಾನೆ, ನೊಗ ಎತ್ತುತ್ತಾನೆ, ಎತ್ತುಗಳಿಗೇ ಆಶ್ಚರ್ಯವಾಗಿರಬೇಕು, ಕತ್ತು ಹಿಂದಕ್ಕೆ ಎಳೆದುಕೊಂಡಿರಬೇಕು, ಅವನನ್ನು ನೋಡಿ ಪಕ್ಕದ ಮನೆಯವನು ತನ್ನ ಜೋಡಿ ಬಿಚ್ಚಿದ, ಆಮೇಲೆ ಇನ್ನೊಬ್ಬ, ಯಾರೂ ಯಾರನ್ನೂ ಏನೂ ಕೇಳಲಿಲ್ಲ, ಪಟ್ಟಣದಿಂದ ಬಂದ ಇನ್‌ಸ್ಪೆಕ್ಟರು ಒಕ್ಕಣೆ ನೋಡಿ ಬೇರೆ ಕಡೆ ಹುಡುಕಲು ಹೋದ. ಒಂದು ಹುಡುಗಿಗೋಸ್ಕರ ಊರು ದೇವರಿಗೇ ಎದುರು ನಿಂತಿತು, ಪಿಳ್ಳಪ್ಪ ಅದೂ ಸಾಲದು ಅಂತ ಅನುಮಾನವನ್ನೆಲ್ಲ ತನ್ನ ಬೆನ್ನಿಗೆ ಹಾಕಿಕೊಂಡು ಊರನ್ನೇ ಬಿಟ್ಟ.

ಕೊಲೆಗಾರ ಪಿಳ್ಳಪ್ಪ, ಹಿಡೀರಿ ಅವನನ್ನ, ಅಂತ ನಯನಾ ಕೂಗಿದಳು, ಪರದೆ ಬಿತ್ತು, ಚಪ್ಪಾಳೆಯೋ ಚಪ್ಪಾಳೆ, ದ್ರೌಪದಮ್ಮ ಹಿಂದೆ ತಿರುಗಿದಳು, ಚಿಕ್ಕಹನುಮಯ್ಯನೂ ಮೆಲ್ಲಗೆ ಚಪ್ಪಾಳೆ ತಟ್ಟುತ್ತಿದ್ದ, ಮಕ್ಕಳು ಆಡಿದ್ದಕ್ಕೆ ತಟ್ಟಬೇಕಲ್ಲ, ತಲೆ ಮಾತ್ರ ತಗ್ಗಿಸಿದ್ದ, ಅದನ್ನು ನೋಡಲಾಗಲಿಲ್ಲ. ನಂದಿತಾ ಮೈಕು ತಂದು ಅಜ್ಜಿ, ನೀವು ಆ ಕಾಲದವರು, ಎರಡು ಮಾತು ಹೇಳಿ ಪ್ಲೀಸ್ ಅಂದಳು, ಅತ್ತೆ ಎದ್ದರು, ಸೊಸೆಯ ಭುಜ ಹಿಡಿದು ಎದ್ದರು. ಪಿಳ್ಳಣ್ಣ ಅಲ್ಲ ಕಣ್ರವ್ವಾ, ಕಡಿದೋಳು ನಾನು, ಅವನು ನನ್ನ ಉಳಿಸ್ದೋನು, ಅಂದರು, ಮೈಕು ಅದನ್ನು ಮೂಲೆಮೂಲೆಗೂ ಮುಟ್ಟಿಸಿತು. ಇಡೀ ಕ್ಲಬ್‌ಹೌಸು ಗೊಳ್ಳೆಂದು ನಕ್ಕಿತು, ಅಜ್ಜಿ ಸೂಪರ್, ವಾಟ್ ಎ ಟ್ವಿಸ್ಟ್ ಅಂತ ಯಾರೋ ಸಿಳ್ಳೆ ಹಾಕಿದರು, ಎರಡನೇ ಟವರಿನ ಫ್ಲ್ಯಾಟು ಮಾರಬೇಕಾದ ಮಹೇಂದ್ರ ಎಲ್ಲರಿಗಿಂತ ಜೋರಾಗಿ ನಕ್ಕ, ನಗುತ್ತಲೇ ದ್ರೌಪದಮ್ಮನತ್ತ ನೋಡಿದ, ಕಣ್ಣಲ್ಲಿ ನಗುವಿರಲಿಲ್ಲ, ನೀನೂ ನಗಮ್ಮ ಅಂತ ಬೇಡುತ್ತಿದ್ದ. ನಕ್ಕರೆ ಮುಗಿಯಿತು, ಎಲ್ಲದರ ಮೇಲೂ ಮತ್ತೆ ಹುಲ್ಲು ಹರಡಿದ ಹಾಗೆ, ಮನೆಯ ಮರ್ಯಾದೆ ಉಳಿಯುತ್ತದೆ, ಅತ್ತೆಗೆ ಅರಳುಮರಳು ಅಂದುಬಿಟ್ಟರೆ ನಾಳೆಗೆ ಯಾರಿಗೂ ನೆನಪಿರುವುದಿಲ್ಲ — ಆದರೆ ಈ ಸಲ ಹುಲ್ಲಿನಡಿ ಹೋಗುವವನು ಚಿಕ್ಕಹನುಮಯ್ಯ, ಅವನು ಎದ್ದು ನಿಂತಿದ್ದಾನೆ, ಅಷ್ಟು ಜನರಲ್ಲಿ ನಗದೆ ಇರುವವನು ಅವನೊಬ್ಬನೇ, ಅವನ ಬಾಯಿ ತೆರೆದೇ ಇದೆ. ದ್ರೌಪದಮ್ಮ ಮೈಕು ತೆಗೆದುಕೊಂಡಳು. ನಗಬೇಡಿ, ನಮ್ಮತ್ತೆ ತಮಾಷೆ ಮಾಡ್ತಿಲ್ಲ, ಅಂದಳು, ಹನುಮಣ್ಣ, ಇಲ್ಲಿ ಮುಂದಕ್ಕೆ ಬಾ, ನಿಮ್ಮ ದೊಡ್ಡಪ್ಪ ಯಾರನ್ನೂ ಕೊಂದಿಲ್ಲ, ಬಾ, ಅಂತ ತಾನು ಕೂತಿದ್ದ ಕುರ್ಚಿಯನ್ನು ಅವನ ಕಡೆಗೆ ತಿರುಗಿಸಿದಳು. ನಗು ನಿಂತಿತು, ಕುರ್ಚಿಗಳು ಕಿರ್ ಅಂದವು, ಅವನು ಬರುತ್ತಿದ್ದಾನೆ, ಸಾಲುಗಳ ನಡುವೆ ನಿಧಾನವಾಗಿ ಬರುತ್ತಿದ್ದಾನೆ, ಅತ್ತೆ ಎರಡೂ ಕೈ ಮುಗಿದು ನಿಂತಿದ್ದಾರೆ, ಇನ್ನೇನು ಹೇಳಬೇಕು, ಮಹೇಂದ್ರನಿಗೆ ಏನು ಉತ್ತರ, ನಾಳೆ ಯಾರು ಬಾಗಿಲು ತಟ್ಟುತ್ತಾರೆ, ದ್ರೌಪದಮ್ಮನ ಕಣ್ಣ ಮುಂದೆ ಪಿಳ್ಳಪ್ಪ, ನೊಗ ಎತ್ತುತ್ತಾನೆ, ಎತ್ತು ಕತ್ತು ಹಿಂದಕ್ಕೆ ಎಳೆಯುತ್ತದೆ, ಅವನು ಅದರ ಕತ್ತಿನಡಿ ಜೋಲುವ ಗಂಗೆದೊಗಲು ಸವರುತ್ತಾನೆ, ತಪ್ಪಾಯ್ತು ಕಣಪ್ಪ ಅನ್ನುತ್ತಾನೆ, ಮತ್ತೆ ನೊಗ ಎತ್ತುತ್ತಾನೆ, ಎತ್ತು ತಾನಾಗಿಯೇ ಹೆಗಲು ಕೊಡುತ್ತದೆ,