ರೇವಮ್ಮನ ಮಾತು

ಹಾಸನದ ಆ ಸಣ್ಣ ಪ್ರೆಸ್ಸಿನ ಹಿಂದಿನ ಕೋಣೆಯಲ್ಲಿ ವೇದವತಿ ತನ್ನ ಮೊದಲ ಕಾದಂಬರಿಯನ್ನು ಕೈಗೆತ್ತಿಕೊಂಡು, ಬೇರೆ ಯಾವ ಪುಟವನ್ನೂ ನೋಡದೆ, ನೇರ ನೂರ ಹನ್ನೆರಡನೆಯದನ್ನು ತೆಗೆದಳು. ಸಂತೋಷದಿಂದ ಅರಳಿದ್ದ ಮುಖ ಅಲ್ಲೇ ಬಾಡಿತು. ಆಮೇಲೆ ಕೆಂಪಾಯಿತು.

ಹೊಳೆನರಸೀಪುರದ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತ, ಆರು ವರ್ಷದ ಭಾನುವಾರಗಳನ್ನೆಲ್ಲ ಸವೆಸಿ, ತೊಂಬತ್ತೆಂಟರಲ್ಲಿ ಮುಗಿಸಿದ ಪುಸ್ತಕ ಅದು. ಕಥಾನಾಯಕಿ ರೇವಮ್ಮ ಹಳ್ಳಿಮೈಸೂರು ಕಡೆಯ ರೈತ ಹೆಂಗಸು. ಗಂಡ ಸತ್ತ ಮೇಲೆ ತಾನೇ ನೇಗಿಲು ಹಿಡಿದವಳು. ಹೆಂಗಸು ನೇಗಿಲು ಮುಟ್ಟಿದರೆ ಊರಿಗೆ ಮಳೆ ಬರುವುದಿಲ್ಲವಂತೆ! ಹೆಂಗಸು ಕಳೆ ಕಿತ್ತರೆ, ನಾಟಿ ಹಾಕಿದರೆ, ಹೊರೆ ಹೊತ್ತರೆ ಮಾತ್ರ ಆ ಮಳೆಗೆ ಏನೂ ಅಡ್ಡಿಯಿಲ್ಲ. ಹೊಲವನ್ನು ಮೈದುನರಿಗೆ ಬಿಟ್ಟು ತವರಿಗೆ ಹೋಗೆಂದು ಅರಳಿಕಟ್ಟೆಯ ಮೇಲೆ ಹತ್ತು ಜನ ಕೂತು ತೀರ್ಪು ಕೊಟ್ಟಾಗ ರೇವಮ್ಮ ಒಂದೇ ಮಾತು ಹೇಳುತ್ತಾಳೆ: "ನಾ ಓಗಾಕಿಲ್ಲ." ಅಳುವುದಿಲ್ಲ, ಕಾರಣ ಕೊಡುವುದಿಲ್ಲ, ಎದ್ದು ಹೋಗಿ ಎತ್ತು ಕಟ್ಟುತ್ತಾಳೆ. ಇಡೀ ಕಾದಂಬರಿ ನಿಂತಿದ್ದು ಆ ಮಾತಿನ ಮೇಲೆ.

ಅಚ್ಚಾದ ಪುಟದಲ್ಲಿ ರೇವಮ್ಮ ಹಾಗೆ ಹೇಳಿರಲೇ ಇಲ್ಲ. "ನನ್ನಿಂದ ಹೋಗಲಾಗುವುದಿಲ್ಲ" ಎಂದಿದ್ದಳು. ಕೈಮುಗಿದಿರಲಿಲ್ಲ, ಅಷ್ಟೇ ಪುಣ್ಯ.

ತಿದ್ದಿದವರು ಚಂದ್ರಶೇಖರಯ್ಯನವರು. ವೇದವತಿಗೆ ಕನ್ನಡ ಕಲಿಸಿದ ಮೇಷ್ಟ್ರು. ರಿಟೈರಾದ ಮೇಲೆ ಇಲ್ಲಿ ಕರಡು ತಿದ್ದುತ್ತಿದ್ದರು. ಸಾಲಗಾಮೆ ಕಡೆಯ ಮಕ್ಕಳು 'ಅಳ್ಳಿ' ಎಂದರೆ, ಹಕಾರ ಬರುವವರೆಗೂ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದವರು. ವೇದವತಿ ಕೊನೆಯ ಕರಡು ನೋಡಿಕೊಟ್ಟು ಊರಿಗೆ ಹೋದ ಮೇಲೆ, ಶಿಷ್ಯೆಯ ಮೇಲಿನ ಅಭಿಮಾನಕ್ಕೆ ಈ ಉಪಕಾರ ಮಾಡಿದ್ದರು.

ಅಲ್ಲೇ ಮೇಜಿನ ಹಿಂದೆ ಕೂತಿದ್ದ ಅವರಿಗೆ ಅದರಲ್ಲಿ ತಪ್ಪೇ ಕಾಣಲಿಲ್ಲ. ಉಳಿದ ಕಡೆ ಹಳ್ಳಿ ಮಾತನ್ನು ಹಾಗೇ ಬಿಟ್ಟಿದ್ದೇನೆ, ಇದು ಮುಖ್ಯವಾದ ಘಟ್ಟ, ಭಾಷೆ ಶುದ್ಧವಾಗಿರಲಿ ಎಂದರು. ಮೇಲಾಗಿ, ಹಿರಿಯರ ಎದುರು ಹೆಣ್ಣು ಹಾಗೆ ಕಡ್ಡಿ ಮುರಿದಂತೆ ಮಾತಾಡಿದರೆ ಓದುವವರಿಗೆ ಅವಳ ಮೇಲೆ ಕನಿಕರ ಹುಟ್ಟುವುದಿಲ್ಲ. ಅರ್ಥ ಒಂದೇ ತಾನೇ?

ಅರ್ಥ ಒಂದೇ! ವೇದವತಿಗೆ ಮೈಯೆಲ್ಲ ಉರಿದುಹೋಯಿತು. ಕಟ್ಟೆಯ ಮೇಲಿನ ಹತ್ತು ಗಂಡಸರ ಕೈಲಿ ಆಗದ ಕೆಲಸವನ್ನು ಮೇಷ್ಟ್ರ ಒಂದು ಕೆಂಪು ಗೀಟು ಮಾಡಿ ಮುಗಿಸಿತ್ತು. ಕನಿಕರ ಯಾರಿಗೆ ಬೇಕಿತ್ತು? ರೇವಮ್ಮ ಕೇಳಿದ್ದಳೇ?

ಮೂಲೆಯಲ್ಲಿ ಬೇರೆ ಯಾವುದೋ ಪುಸ್ತಕದ ಹಾಳೆ ಮಡಿಸುತ್ತ ಅರಕಲಗೂಡು ಕಡೆಯ ಬೆಟ್ಟಮ್ಮ ಕೂತಿದ್ದಳು. ವೇದವತಿ ಎರಡೂ ಮಾತನ್ನು ಅವಳಿಗೆ ಓದಿ ಹೇಳಿ, ಎರಡೂ ಒಂದೇನಾ ಎಂದು ಕೇಳಿದಳು. ಬೆಟ್ಟಮ್ಮ ಮೇಷ್ಟ್ರ ಕಡೆ ನೋಡದೆ ಉತ್ತರ ಕೊಟ್ಟಳು.

"ಓಗಾಕಿಲ್ಲ ಅಂದ್ರೆ ಓಗಾಕಿಲ್ಲ ಕಣ್ರವ್ವ. ಆ ಇನ್ನೊಬ್ಳಿಗೆ ಕಾಲು ನೋವೇನೋ. ಗಾಡಿ ಕಟ್ಟುದ್ರೆ ಓಯ್ತಾಳೆ."

ಓದು ಬಾರದವಳ ಹತ್ತಿರ ವ್ಯಾಕರಣ ಕೇಳುತ್ತೀಯಾ ಎಂದು ಮೇಷ್ಟ್ರು ರೇಗಿದರು. ಐನೂರು ಪ್ರತಿಗೂ ರಟ್ಟು ಹಾಕಿ ಆಗಿದೆ, ನಾಳೆ ಬೆಳಿಗ್ಗೆ ಬಿಡುಗಡೆ, ಮುಂದಿನ ಮುದ್ರಣದಲ್ಲಿ ನೋಡಿಕೊಂಡರಾಯಿತು ಎಂದರು.

ವೇದವತಿ ಸೆರಗು ಸಿಕ್ಕಿಸಿಕೊಂಡು ನೆಲದ ಮೇಲೆ ಕೂತಳು. ಮೊದಲ ಕಟ್ಟು ಬಿಚ್ಚಿ, ನೂರ ಹನ್ನೆರಡನೇ ಪುಟ ತೆಗೆದು, ಆ ಸಾಲನ್ನು ಪೆನ್ನಿನಲ್ಲಿ ಹೊಡೆದುಹಾಕಿ ಮೇಲೆ 'ನಾ ಓಗಾಕಿಲ್ಲ' ಎಂದು ಬರೆದಳು. ಎರಡನೇ ಪ್ರತಿ ತೆಗೆದಳು. ಹತ್ತು ಪ್ರತಿ ಆಗುವಷ್ಟರಲ್ಲಿ ಬೆಟ್ಟಮ್ಮ ತನ್ನ ಕೆಲಸ ಬಿಟ್ಟು ಬಂದು, ಇವಳು ತೋರಿಸಿದ ಪುಟದ ಗುರುತು ಹಿಡಿದು, ಒಂದೊಂದೇ ಪುಸ್ತಕ ಬಿಡಿಸಿ ಕೊಡತೊಡಗಿದಳು.

ಮೇಷ್ಟ್ರ ದನಿ ಏರಿತು. ಗೀಚಿದ ಪುಸ್ತಕ ಹಿಡಿದು ವೇದಿಕೆ ಹತ್ತುತ್ತೀಯಾ, ಗ್ರಂಥಾಲಯದವರು ಇದನ್ನು ಕೈಯಲ್ಲಾದರೂ ಮುಟ್ಟುತ್ತಾರಾ, ನಾಳೆ ನಾಲ್ಕು ಜನ ನಕ್ಕರೆ ನಿನಗಿಂತ ಮೊದಲು ನನ್ನ ಮರ್ಯಾದೆ ಹೋಗುತ್ತದೆ ಎಂದು ಕೂಗಾಡಿದರು. ವೇದವತಿ ಇವತ್ತಿನವರೆಗೂ ಅವರೆದುರು ಕುರ್ಚಿಯಲ್ಲಿ ಕೂತವಳಲ್ಲ. ಅವರ ಮೇಲಿನ ಗೌರವ ಈಗಲೂ ಹೋಗಿರಲಿಲ್ಲ. ಅದಕ್ಕೇ ಸಿಟ್ಟು ಇನ್ನೂ ಹೆಚ್ಚಾಗಿತ್ತು.

"ಪೆನ್ನು ಕೆಳಗಿಡು," ಎಂದರು ಮೇಷ್ಟ್ರು. "ಗುರುಗಳ ಒಂದು ಮಾತು ಕೇಳಕ್ಕಾಗಲ್ವಾ ನಿಂಗೆ?"

ವೇದವತಿ ತಲೆಯೆತ್ತಿ ಅವರನ್ನು ನೋಡಿದಳು.

"ಕೇಳಕ್ಕಾಗುತ್ತೆ ಸಾರ್," ಎಂದಳು. "ಕೇಳಲ್ಲ."